ಕೈ ತಡಕುವ ಜಾಗ

ಗಾಂಧಿ ಬಜಾರಿನಲ್ಲಿ ಯಾರಾದರೂ 'ಹೋಟೆಲಿಗೆ ಹೋಗಿದ್ದೆ' ಎಂದರೆ ದೋಸೆ ತಿಂದು ಬಂದರು ಎಂದೇ ಅರ್ಥ. 'ಎಷ್ಟು ದಿನ ಇದ್ದಿರಿ?' ಎಂದು ಯಾರೂ ಕೇಳುವುದಿಲ್ಲ. ಉಳಿದುಕೊಳ್ಳುವುದಕ್ಕೆ ಲಾಡ್ಜ್ ಇದೆ, ಛತ್ರವಿದೆ, ಎರಡೂ ಬೇಡವೆಂದರೆ ನೆಂಟರ ಮನೆಯಿದೆ. ಹೋಟೆಲು ಇರುವುದು ತಿನ್ನುವುದಕ್ಕೆ ಮತ್ತು ಒಂದು ಕಾಫಿಯನ್ನು ಇಬ್ಬರು ಹಂಚಿಕೊಂಡು ಒಂದು ಗಂಟೆ ಮಾತಾಡುವುದಕ್ಕೆ.

ಆದರೆ ಈಗ ಬಸವನಗುಡಿಯ ಬೆಳಗಿನ ಮಾತುಕತೆಯೊಳಗೆ ಇನ್ನೊಂದು ಬಗೆಯ ಹೋಟೆಲು ಬಂದು ಕೂತಿದೆ. ಮಗನೋ ಮಗಳೋ ಹೊರದೇಶದಲ್ಲಿಲ್ಲದ ಮನೆ ಇಲ್ಲಿನ ಬೀದಿಗಳಲ್ಲಿ ಕಡಿಮೆ. ನಿವೃತ್ತರಾದ ತಂದೆತಾಯಿ ಬಾಣಂತನಕ್ಕೋ ಗೃಹಪ್ರವೇಶಕ್ಕೋ ಹೋಗುತ್ತಾರೆ, ಕೆಲವು ತಿಂಗಳು ಇದ್ದು ಬರುತ್ತಾರೆ. ನಡುವೆ ಮಕ್ಕಳು ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ನಯಾಗರಕ್ಕೋ ಲಂಡನ್ನಿಗೋ ಕರೆದೊಯ್ದು ಎರಡು ರಾತ್ರಿ ಹೋಟೆಲಿನಲ್ಲಿ ಇಳಿಸುತ್ತಾರೆ. ಊರಿಗೆ ಬಂದ ಮೇಲೆ ಪಾರ್ಕಿನ ಕಲ್ಲುಬೆಂಚಿನ ಮೇಲೆ ವರದಿ ಒಪ್ಪಿಸುವಾಗ ನೋಡಬೇಕು. ಜಲಪಾತಕ್ಕೆ ಎರಡೇ ವಾಕ್ಯ, ಉಳಿದುಕೊಂಡಿದ್ದ ಕೋಣೆಗೆ ಅರ್ಧ ಗಂಟೆ!

'ಬಾಗಿಲ ಪಕ್ಕದಲ್ಲಿ ಒಂದು ಸೀಳು. ಅದಕ್ಕೆ ಕಾರ್ಡು ಸಿಕ್ಕಿಸಿದರೇ ದೀಪ ಹತ್ತುವುದು' ಎಂದು ಒಬ್ಬರು ಶುರುಮಾಡುತ್ತಾರೆ. 'ಸ್ನಾನ ಮಾಡಿ ಬಂದರೆ ಕನ್ನಡಿಯೆಲ್ಲ ಮಂಜು, ಮುಖ ಕಾಣುವಷ್ಟು ಜಾಗ ಮಾತ್ರ ಸ್ವಚ್ಛ!' ಎಂದು ಇನ್ನೊಬ್ಬರು. 'ಗೋಡೆಯಲ್ಲಿ ಒಂದು ಗುಂಡಿ. ಎಳೆದರೆ ಬಟ್ಟೆ ಒಣಗಿಸುವ ತಂತಿ ಬರುತ್ತದೆ, ಬಿಟ್ಟರೆ ಒಳಗೆ ಓಡಿಹೋಗುತ್ತದೆ' ಎಂದು ಮತ್ತೊಬ್ಬರ ಮನೆಯವರು. ಕೇಳುವವರು ಇದನ್ನು ಬೆರಗಿನ ಕಥೆಯೆಂದು ಕೇಳಿ ಮರೆಯುತ್ತಾರೆ. ಮರೆಯಬಾರದ ಒಂದು ಸಂಗತಿ ಇದರೊಳಗಿದೆ. ಆ ಕೋಣೆಯನ್ನು ಕಟ್ಟಿದವನು ಆ ಅತಿಥಿಯನ್ನು ಎಂದೂ ನೋಡಿದವನಲ್ಲ. ಆದರೂ ಅವರ ಕೈ ಕತ್ತಲಲ್ಲಿ ಎಲ್ಲಿ ತಡಕಾಡೀತು ಎಂದು ಮೊದಲೇ ಊಹಿಸಿ, ಅಲ್ಲೇ ಏನನ್ನೋ ಇಟ್ಟಿದ್ದಾನೆ.

ಹಿಡಿಯ ಮೇಲೊಂದು ಕೀಲಿಕಿಂಡಿ

ಈ ಊಹೆಯ ಕಲೆಯನ್ನು ಒಂದು ವ್ಯಾಪಾರವನ್ನಾಗಿ ಮಾಡಿದವರಲ್ಲಿ ಮುಖ್ಯನಾದವನು ಅಮೆರಿಕದ ಎಲ್ಸ್‌ವರ್ತ್ ಸ್ಟ್ಯಾಟ್ಲರ್. 1863ರಲ್ಲಿ ಹುಟ್ಟಿದ ಈತ ಹದಿಮೂರನೆಯ ವಯಸ್ಸಿನಲ್ಲೇ ಹೋಟೆಲೊಂದರಲ್ಲಿ ಅತಿಥಿಗಳ ಪೆಟ್ಟಿಗೆ ಹೊರುವ ಹುಡುಗನಾಗಿ ಸೇರಿದ. ಬಂದವರು ಏನು ಕೇಳುತ್ತಾರೆ, ಯಾವುದಕ್ಕೆ ಗೊಣಗುತ್ತಾರೆ, ರಾತ್ರಿ ಗಂಟೆ ಬಾರಿಸಿ ಯಾಕೆ ಕರೆಯುತ್ತಾರೆ ಎಂಬುದೆಲ್ಲ ಅವನಿಗೆ ಮೆಟ್ಟಿಲು ಹತ್ತಿಳಿದೇ ಗೊತ್ತಾಗಿತ್ತು. 1908ರಲ್ಲಿ ಬಫಲೋ ನಗರದಲ್ಲಿ ತನ್ನದೇ ಹೋಟೆಲು ತೆರೆದಾಗ ಆ ತಿಳಿವಳಿಕೆಯೆಲ್ಲ ಗೋಡೆಯ ಮೇಲೆ ಬಂತು.

ಆ ಕಾಲಕ್ಕೆ ಹೊಸದೆನ್ನಿಸಿದ ಅಲ್ಲಿನ ಏರ್ಪಾಡುಗಳು ಇವು. ಪ್ರತಿ ಕೋಣೆಗೂ ಪ್ರತ್ಯೇಕ ಸ್ನಾನದ ಮನೆ. ಬಾಗಿಲು ತೆರೆದ ಕೂಡಲೆ ಕೈಗೆ ಸಿಗುವ ಹಾಗೆ ಒಳಗೋಡೆಯ ಮೇಲೆ ದೀಪದ ಸ್ವಿಚ್ಚು. ಆಳೆತ್ತರದ ಕನ್ನಡಿ. ಕೋಣೆಯಲ್ಲೇ ದೂರವಾಣಿ. ಬೆಳಿಗ್ಗೆ ಬಾಗಿಲಿಗೆ ಬಂದು ಬೀಳುವ ಪತ್ರಿಕೆ. ಎಲ್ಲಕ್ಕಿಂತ ಸಣ್ಣದು, ಬಹುಶಃ ಎಲ್ಲಕ್ಕಿಂತ ಜಾಣತನದ್ದು, ಕೀಲಿಕಿಂಡಿಯ ಜಾಗ. ಅದನ್ನು ಬಾಗಿಲ ಹಿಡಿಯ ಕೆಳಗಿಡದೆ ಮೇಲಿಟ್ಟರು. ಕೆಳಗಿದ್ದರೆ ಮಬ್ಬು ಬೆಳಕಿನಲ್ಲಿ ಬಗ್ಗಿ ಹುಡುಕಬೇಕು, ಹಿಡಿದ ಕೈಯೇ ಕಿಂಡಿಯನ್ನು ಮರೆಮಾಡುತ್ತದೆ. ಮೇಲಿದ್ದರೆ ನೇರವಾಗಿ ಕಾಣುತ್ತದೆ. ಇದಕ್ಕೆ ಹೆಚ್ಚಿಗೆ ಒಂದು ಕಾಸೂ ಖರ್ಚಿಲ್ಲ. ಬೇಕಾದದ್ದು ರಾತ್ರಿ ಸುಸ್ತಾಗಿ ಬಂದ ಒಬ್ಬ ಮನುಷ್ಯನ ನೆನಪು ಮಾತ್ರ.

ಸ್ನಾನದ ಮನೆಗಳದೂ ಹಾಗೆಯೇ. ಎರಡು ಕೋಣೆಗಳ ಸ್ನಾನದ ಮನೆಗಳನ್ನು ಬೆನ್ನಿಗೆ ಬೆನ್ನು ತಾಗಿಸಿ, ನಡುವಿನ ಒಂದೇ ಕೊಳವೆಬಾವಿಯಂಥ ಸಂದಿನಲ್ಲಿ ನೀರಿನ ಪೈಪುಗಳನ್ನೆಲ್ಲ ಇಳಿಸಿದ್ದರಿಂದ ಖರ್ಚು ತಗ್ಗಿತು. ಆದ್ದರಿಂದಲೇ ಒಂದೂವರೆ ಡಾಲರಿಗೆ ಹಾಸಿಗೆಯ ಜೊತೆ ಸ್ನಾನದ ಮನೆಯನ್ನೂ ಕೊಡಲು ಅವನಿಗೆ ಸಾಧ್ಯವಾಯಿತು. ಜಾಣ್ಮೆ ಸಿರಿವಂತರ ಸೊತ್ತಾಗಿರಬೇಕಿಲ್ಲ ಎಂಬುದಕ್ಕೆ ಇದೊಂದು ಹಳೆಯ ಸಾಕ್ಷಿ.

ಒಂದೊಂದರ ಹಿಂದೆ ಒಂದೊಂದು ಕಷ್ಟ

ಗಮನಿಸಿ ನೋಡಿದರೆ ಹೋಟೆಲು ಕೋಣೆಯ ಪ್ರತಿಯೊಂದು ಪುಟ್ಟ ಸಲಕರಣೆಯ ಹಿಂದೆಯೂ ಯಾರೋ ಅನುಭವಿಸಿದ ಕಷ್ಟವಿರುತ್ತದೆ. ಕೀಲಿಕಾರ್ಡಿನ ಕಥೆಯನ್ನೇ ತೆಗೆದುಕೊಳ್ಳಿ. 1974ರಲ್ಲಿ ಅಮೆರಿಕದ ಮೋಟೆಲೊಂದರಲ್ಲಿ ಇಳಿದಿದ್ದ ಹೆಸರಾಂತ ಗಾಯಕಿಯೊಬ್ಬರ ಕೋಣೆಗೆ ಆಗಂತುಕನೊಬ್ಬ ನುಗ್ಗಿ ಹಲ್ಲೆ ಮಾಡಿದ. ಬಹುದೂರದ ನಾರ್ವೆಯಲ್ಲಿ ಬೀಗದ ಕಾರ್ಖಾನೆಯಲ್ಲಿದ್ದ ಟೋರ್ ಸೋರ್ನೆಸ್ ಎಂಬುವರ ಮನಸ್ಸಿಗೆ ಈ ಸುದ್ದಿ ಹತ್ತಿತು. ಹಿತ್ತಾಳೆಯ ಕೀಲಿಯ ತೊಂದರೆ ಏನು? ಇಂದು ಇಳಿದುಕೊಂಡವನು ಅದರ ನಕಲು ಮಾಡಿಸಿಕೊಂಡರೆ ನಾಳೆ ಬರುವವರ ಬಾಗಿಲೂ ಅವನಿಗೆ ತೆರೆದ ಹಾಗೆಯೇ. ಸೋರ್ನೆಸ್ ಮಾಡಿದ ಬೀಗಕ್ಕೆ ತೂತುಗಳಿದ್ದ ಪ್ಲಾಸ್ಟಿಕ್ ಕಾರ್ಡೇ ಕೀಲಿ. 32 ಜಾಗಗಳಲ್ಲಿ ತೂತು ಇರಬಹುದು, ಇಲ್ಲದಿರಬಹುದು. ಲೆಕ್ಕ ಹಾಕಿದರೆ 400 ಕೋಟಿಗೂ ಮೀರಿದ ಬೇರೆ ಬೇರೆ ಕೀಲಿಗಳು! ಅತಿಥಿ ಬದಲಾದಾಗಲೆಲ್ಲ ಬೀಗದ ಗುಟ್ಟನ್ನೂ ಬದಲಿಸಬಹುದು. ತೂತಿನ ಕಾರ್ಡು ಹೋಗಿ ಕಾಂತಪಟ್ಟಿಯ ಕಾರ್ಡು ಬಂತು, ಅದರ ಹಿಂದೆಯೇ ಮುಟ್ಟಿಸಿದರೆ ಸಾಕೆನ್ನುವ ಕಾರ್ಡು ಬಂತು. ತತ್ವ ಮಾತ್ರ ಅದೇ.

ಅದೇ ಕಾರ್ಡನ್ನು ಗೋಡೆಯ ಸೀಳಿಗೆ ಸಿಕ್ಕಿಸಿದರೆ ದೀಪ ಹತ್ತುವ ಏರ್ಪಾಡು ಆಮೇಲಿನದು. ಹೊರಗೆ ಹೋಗುವವರು ಕಾರ್ಡು ಕಿತ್ತುಕೊಳ್ಳಲೇಬೇಕು. ಕಿತ್ತ ಸ್ವಲ್ಪ ಹೊತ್ತಿಗೆ ದೀಪ, ಹವಾನಿಯಂತ್ರಣ ಎರಡೂ ತಾವಾಗಿಯೇ ಆರುತ್ತವೆ. ಕರೆಂಟು ಉಳಿಯಿತು, 'ಕೀಲಿ ಎಲ್ಲಿಟ್ಟೆ?' ಎಂಬ ಹುಡುಕಾಟವೂ ತಪ್ಪಿತು.

ಮಂಜು ಕವಿಯದ ಕನ್ನಡಿಯಲ್ಲಿ ಮಾಯವೇನೂ ಇಲ್ಲ. ಬಿಸಿನೀರಿನ ಹಬೆ ತಣ್ಣನೆಯ ಗಾಜಿಗೆ ತಾಗಿದಾಗ ಹನಿಯಾಗಿ ಕೂರುತ್ತದೆ. ಗಾಜು ಬೆಚ್ಚಗಿದ್ದರೆ ಕೂರುವುದಿಲ್ಲ. ಆದ್ದರಿಂದ ಮುಖದ ಎತ್ತರಕ್ಕೆ ಸರಿಯಾಗಿ ಕನ್ನಡಿಯ ಹಿಂದೆ ಒಂದು ತೆಳು ಕಾವಿನ ಹಾಳೆ ಅಂಟಿಸಿರುತ್ತಾರೆ. ಇಡೀ ಕನ್ನಡಿಯನ್ನು ಕಾಯಿಸುವ ದುಂದು ಬೇಕಿಲ್ಲ. ಬ್ರಿಟನ್ನಿನಲ್ಲಿ ಸ್ನಾನದ ಮನೆಯ ದೀಪಕ್ಕೆ ಸ್ವಿಚ್ಚಿನ ಬದಲು ಚಾವಣಿಯಿಂದ ಒಂದು ದಾರ ಇಳಿಬಿಟ್ಟಿರುತ್ತಾರೆ. ಒದ್ದೆ ಕೈ ವಿದ್ಯುತ್ತಿನ ಹತ್ತಿರ ಹೋಗಲೇಬಾರದು ಎಂಬ ಎಚ್ಚರಿಕೆ ಅದು. ಕೊಲ್ಲಿ ದೇಶಗಳಲ್ಲಿ, ಮಲೇಶಿಯಾದಲ್ಲಿ ಚಾವಣಿಯ ಮೇಲೋ ಮೇಜಿನ ಖಾನೆಯಲ್ಲೋ ಒಂದು ಬಾಣದ ಗುರುತು ಕಾಣುತ್ತದೆ. ನಮಾಜು ಮಾಡುವವರಿಗೆ ಮಕ್ಕಾ ಯಾವ ದಿಕ್ಕಿಗೆ ಎಂದು ಹೇಳುವ ಬಾಣ. ಪರಸ್ಥಳದಲ್ಲಿ ಬಂದಿಳಿದವರಿಗೆ ದಿಕ್ಕು ತಪ್ಪುವುದು ಸಹಜವಲ್ಲವೆ?

ಇಕ್ಕಟ್ಟಿನ ಜಾಗವನ್ನು ಗೆಲ್ಲುವುದರಲ್ಲಿ ಜಪಾನೀಯರು ಎತ್ತಿದ ಕೈ. 1964ರ ಟೋಕಿಯೋ ಒಲಿಂಪಿಕ್ಸ್‌ಗೆ ಮೊದಲು ನ್ಯೂ ಒಟಾನಿ ಎಂಬ ದೊಡ್ಡ ಹೋಟೆಲು ಏಳಬೇಕಾಗಿತ್ತು. ಸಾವಿರಕ್ಕೂ ಹೆಚ್ಚು ಸ್ನಾನದ ಮನೆಗಳನ್ನು ಒಂದೊಂದಾಗಿ ಗಾರೆ ಹಾಕಿ ಕಟ್ಟುತ್ತ ಕೂತರೆ ಕ್ರೀಡೆಗಳೇ ಮುಗಿದುಹೋಗುತ್ತಿದ್ದವು. ಟೋಟೋ ಸಂಸ್ಥೆ ಸ್ನಾನದ ಮನೆಯನ್ನೇ ಕಾರ್ಖಾನೆಯಲ್ಲಿ ತಯಾರಿಸಿ ತಂದು ಜೋಡಿಸಿಬಿಟ್ಟಿತು. ಇಂದಿಗೂ ಅಲ್ಲಿನ ಸಾಧಾರಣ ಹೋಟೆಲುಗಳಲ್ಲಿ ಒಂದೇ ನಲ್ಲಿ ಇರುತ್ತದೆ. ಈ ಕಡೆ ತಿರುಗಿಸಿದರೆ ಮುಖ ತೊಳೆಯುವ ಬೋಗುಣಿಗೆ, ಆ ಕಡೆ ತಿರುಗಿಸಿದರೆ ಸ್ನಾನದ ತೊಟ್ಟಿಗೆ.

ಯಾರ ಅನುಕೂಲಕ್ಕೆ?

ಹಾಗೆಂದು ಎಲ್ಲ ಜಾಣ್ಮೆಯೂ ಅತಿಥಿಗಾಗಿಯೇ ಎಂದುಕೊಳ್ಳಬೇಕಾಗಿಲ್ಲ. ಬೀರುವಿನಲ್ಲಿ ಅಂಗಿ ನೇತುಹಾಕುವ ಹ್ಯಾಂಗರನ್ನು ನೋಡಿ. ಅನೇಕ ಹೋಟೆಲುಗಳಲ್ಲಿ ಅದಕ್ಕೆ ಕೊಕ್ಕೆಯೇ ಇರುವುದಿಲ್ಲ. ಸರಳಿಗೆ ಕಚ್ಚಿಕೊಂಡ ಬಳೆಯೊಳಗೆ ತುದಿಯನ್ನು ತೂರಿಸಬೇಕು. ಯಾಕೆಂದರೆ ಕೊಕ್ಕೆಯಿಲ್ಲದ ಹ್ಯಾಂಗರನ್ನು ಪೆಟ್ಟಿಗೆಗೆ ಹಾಕಿಕೊಂಡು ಹೋಗಿ ಪ್ರಯೋಜನವಿಲ್ಲ! ಇದು ಅತಿಥಿಯ ಕಷ್ಟವನ್ನು ಊಹಿಸಿದ ಜಾಣ್ಮೆಯಲ್ಲ, ಅತಿಥಿಯ ಕೈಚಳಕವನ್ನು ಊಹಿಸಿದ ಜಾಣ್ಮೆ. ನಮ್ಮ ಕಚೇರಿಗಳಲ್ಲಿ ನೀರಿನ ಹಂಡೆಗೆ ಸರಪಳಿ ಹಾಕಿ ಕಟ್ಟಿದ ಲೋಟ, ಅಂಚೆಕಚೇರಿಯಲ್ಲಿ ದಾರ ಕಟ್ಟಿದ ಪೆನ್ನು ಇದೇ ವಂಶಕ್ಕೆ ಸೇರಿದವು.

ಇನ್ನು ಊಹೆಗೂ ಒಂದು ಎಲ್ಲೆಯಿದೆ. ಇಷ್ಟೆಲ್ಲ ಸೌಕರ್ಯದ ಕೋಣೆಯ ಶೌಚಾಲಯದಲ್ಲಿ ಒಂದು ಚೊಂಬು ನೀರಿಗೆ ಗತಿಯಿರುವುದಿಲ್ಲ. ಕಾಗದದ ಸುರುಳಿಯ ತುದಿಯನ್ನು ತ್ರಿಕೋನವಾಗಿ ಮಡಿಸಿಟ್ಟಿರುತ್ತಾರೆ, ಕೋಣೆ ಶುಚಿಯಾಗಿದೆ ಎಂಬುದರ ಗುರುತು ಅದು. ಬಸವನಗುಡಿಯ ಹಿರಿಯರಿಗೆ ಆ ತ್ರಿಕೋನದಿಂದ ಏನು ಸಮಾಧಾನ? ಆದ್ದರಿಂದಲೇ ಅನುಭವಸ್ಥರು ಪೆಟ್ಟಿಗೆಯಲ್ಲಿ ಒಂದು ಪ್ಲಾಸ್ಟಿಕ್ ಮಗ್ಗು ಮರೆಯದೆ ಇಟ್ಟುಕೊಳ್ಳುತ್ತಾರೆ. ನೀರು ಚಿಮ್ಮಿಸಿ ತೊಳೆಯುವ ಶೌಚಾಸನವನ್ನು ಟೋಟೋ 1980ರಲ್ಲಿ ಮಾರುಕಟ್ಟೆಗೆ ತಂದಿತು. ಜಪಾನಿಗೆ ಹೋಗಿಬಂದವರು ಮಾತ್ರ ಈ ವಿಷಯದಲ್ಲಿ ನೆಮ್ಮದಿಯಿಂದ ಮಾತಾಡುತ್ತಾರೆ. ಊಹಿಸುವವನು ತನ್ನಂಥವರ ಕಷ್ಟವನ್ನೇ ಮೊದಲು ಊಹಿಸುತ್ತಾನೆ.

ನೀರು ಕಾಯಿಸುವ ಕೆಟಲ್ ಸಿಕ್ಕಿದರಂತೂ ಅರ್ಧ ಗೆದ್ದ ಹಾಗೆ. ಚಹಾ ಪೊಟ್ಟಣಕ್ಕೆಂದು ಇಟ್ಟ ಆ ಕೆಟಲ್‌ನ ಬಿಸಿನೀರು ಎಂಟಿಆರ್‌ನ ಸಿದ್ಧ ಉಪ್ಪಿಟ್ಟಿಗೆ ಬೀಳುತ್ತದೆ. ಬೆಂಗಳೂರಿನ ಆ ಪೊಟ್ಟಣದ ಕಂಪನಿ 2007ರಲ್ಲಿ ನಾರ್ವೆಯ ಓರ್ಕ್ಲಾ ಸಂಸ್ಥೆಯ ಪಾಲಾಯಿತು. ನಾರ್ವೆಯವನ ಬುದ್ಧಿಯಲ್ಲಿ ಹುಟ್ಟಿದ ಬೀಗದ ಹಿಂದೆ ಕೂತು ನಾರ್ವೆಯವರ ಒಡೆತನದ ಉಪ್ಪಿಟ್ಟು ತಿನ್ನುವ ಯೋಗ ಗಾಂಧಿ ಬಜಾರಿನವರಿಗೆ!

ಲೋಟದ ಅಂಚು

ಹೊರದೇಶದ ಕೋಣೆಯನ್ನು ಹೀಗೆ ಹೊಗಳುವವರು ಕೂತಿರುವ ಜಾಗವನ್ನೊಮ್ಮೆ ನೋಡಿದರೆ ಒಳ್ಳೆಯದು. ಅವರ ಕೈಯಲ್ಲಿರುವ ಸ್ಟೀಲ್ ಲೋಟದ ಬಾಯಿಗೆ ಹೊರಕ್ಕೆ ಬಾಗಿದ ಒಂದು ಅಂಚಿದೆ. ಕುದಿಬಿಸಿ ಕಾಫಿ ತುಂಬಿದ ಲೋಟದ ಮೈ ಮುಟ್ಟಲಾಗುವುದಿಲ್ಲ. ಕಾಫಿ ತಾಗದ ಆ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಎತ್ತಬಹುದು. ಅದೇ ಅಂಚಿನಿಂದ ಕಾಫಿ ಗೋಡೆಗೆ ಅಂಟಿ ಸೋರದೆ ನೇರ ಧಾರೆಯಾಗಿ ಬೀಳುತ್ತದೆ. ಕೆಳಗಿನ ದಬರಿಯ ಬಾಯಿ ಅಗಲ, ಆಳ ಕಡಿಮೆ. ಸುರಿದ ಕಾಫಿ ಹರಡಿಕೊಂಡು ಬೇಗ ಆರುತ್ತದೆ. ಎತ್ತಿ ಎತ್ತಿ ಸುರಿದರೆ ಗಾಳಿ ಸೇರಿ ನೊರೆ ಏಳುತ್ತದೆ. ಹಿಡಿ, ತಣ್ಣಗಾಗಿಸುವ ತಟ್ಟೆ, ಸಕ್ಕರೆ ಕದಡುವ ಚಮಚ, ಇಬ್ಬರಿಗೆ ಪಾಲು ಮಾಡುವ ಅಳತೆ ಎಲ್ಲವೂ ಎರಡೇ ಪಾತ್ರೆಯಲ್ಲಿ. ಯಾವ ಸ್ಟ್ಯಾಟ್ಲರನೂ ಇದಕ್ಕಿಂತ ಮಿತವ್ಯಯದ ಸಲಕರಣೆ ಮಾಡಿದ್ದು ಕಾಣೆವು.

1943ರಲ್ಲಿ ಶುರುವಾದ ವಿದ್ಯಾರ್ಥಿ ಭವನದಲ್ಲಿ ಕೂತವರು ಇನ್ನೊಂದು ಏರ್ಪಾಡನ್ನು ದಿನವೂ ನೋಡುತ್ತಾರೆ. ಪಂಚೆಯುಟ್ಟ ಮಾಣಿ ಒಂದು ಕೈಯ ಬೆರಳಿನಿಂದ ಹೆಗಲವರೆಗೆ ದೋಸೆಯ ತಟ್ಟೆಗಳನ್ನು ಒಂದರ ಅಂಚಿನ ಮೇಲೊಂದು ಏರಿಸಿಕೊಂಡು ಬರುತ್ತಾನೆ. ಡಜನ್ನಿಗೂ ಮೀರಿದ ತಟ್ಟೆಗಳು. ಇನ್ನೊಂದು ಕೈ ಬಡಿಸುವುದಕ್ಕೆ ಬಿಡುವಾಗಿರುತ್ತದೆ. ಮೇಜುಗಳ ನಡುವಿನ ಸಂದಿನಲ್ಲಿ ತಳ್ಳುಗಾಡಿ ನುಗ್ಗುವುದಿಲ್ಲ, ಅಗಲ ಹರಿವಾಣ ಹಿಡಿಯುವುದಿಲ್ಲ. ಆ ಜಾಗಕ್ಕೆ ಹೊಂದಿದ್ದು ಮನುಷ್ಯನ ತೋಳೊಂದೇ. ಬಿಸಿ ತಟ್ಟೆಯ ಭಾರವನ್ನು ದಿನವಿಡೀ ಹೊರುವುದೂ ಆ ತೋಳೇ ಎಂಬುದನ್ನು ದೋಸೆ ಮುರಿಯುವ ಮೊದಲು ಒಂದು ಕ್ಷಣ ನೆನೆಯಬಹುದು.

ಶಂಕರಪುರದಲ್ಲಿ 1965ರಲ್ಲಿ ಆರಂಭವಾದ ಬ್ರಾಹ್ಮಿನ್ಸ್ ಕಾಫಿ ಬಾರ್‌ನದು ಬೇರೆಯೇ ದಾರಿ. ಅಲ್ಲಿ ಸಾಂಬಾರೇ ಇಲ್ಲ. ಇಡ್ಲಿ, ವಡೆ, ಖಾರಾಬಾತು, ಕೇಸರಿಬಾತು, ಕಾಫಿ ಇಷ್ಟೇ. ಕೇಳಿದಷ್ಟು ಬಾರಿ ಚಟ್ನಿ ಬಡಿಸುವುದಕ್ಕೆಂದೇ ಒಬ್ಬರು ನಿಂತಿರುತ್ತಾರೆ. ಬಗೆಗಳು ಕಡಿಮೆಯಾದಷ್ಟೂ ಕಾಯುವ ಹೊತ್ತು ಕಡಿಮೆ. ಬೇಡದ್ದನ್ನು ತೆಗೆದುಹಾಕುವುದೂ ಒಂದು ಜಾಣ್ಮೆಯೇ.

1951ರ ಯಾತ್ರೆ

ಹೊರದೇಶದಲ್ಲಿ ಕಂಡದ್ದನ್ನು ಮಾತಿನಲ್ಲಿ ಕಳೆಯದೆ ಊರಿಗೆ ಹೊತ್ತು ತಂದವರ ಉದಾಹರಣೆ ಬೇಕೆಂದರೆ ಗಾಂಧಿ ಬಜಾರಿನಿಂದ ನಡೆದು ಹೋಗುವಷ್ಟು ದೂರದಲ್ಲೇ ಇದೆ. ಉಡುಪಿ ಸೀಮೆಯ ಪಾರಂಪಳ್ಳಿಯಿಂದ ಬಂದ ಮಯ್ಯ ಸೋದರರು 1924ರಲ್ಲಿ ಲಾಲ್‌ಬಾಗಿನ ಬಳಿ ಬ್ರಾಹ್ಮಿನ್ ಕಾಫಿ ಕ್ಲಬ್ ಎಂಬ ಹೋಟೆಲು ತೆರೆದರು. ಅವರಲ್ಲೊಬ್ಬರಾದ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋದರು. ಊರೂರಿನ ಹೋಟೆಲುಗಳ ಶುಚಿ, ಶಿಸ್ತುಗಳನ್ನು ಕಣ್ತುಂಬ ನೋಡಿದರು.

ಹಿಂತಿರುಗಿ ಬಂದವರು ಯೂರೋಪಿನ ತಿಂಡಿ ಮಾಡಲು ಹೊರಡಲಿಲ್ಲ. ಇಡ್ಲಿ ಇಡ್ಲಿಯಾಗಿಯೇ ಉಳಿಯಿತು. ಬದಲಾದದ್ದು ಲೋಟ ತಟ್ಟೆಗಳನ್ನು ತೊಳೆಯುವ ಕ್ರಮ. ಹತ್ತಾರು ಜನ ತಿಂದ ಪಾತ್ರೆಗಳನ್ನು ಹಬೆಯಲ್ಲಿ ಕಾಯಿಸಿ ಕ್ರಿಮಿ ಕಳೆಯುವ ಏರ್ಪಾಡು ಅಲ್ಲಿ ಬಂತು. ತಿನ್ನಲು ಬಂದವರು ಅಡುಗೆಮನೆಯನ್ನು ಕಣ್ಣಾರೆ ನೋಡಿಕೊಂಡೇ ಒಳಗೆ ಹೋಗಲಿ ಎಂದರು. 1960ರಲ್ಲಿ ಹೊಸ ಕಟ್ಟಡಕ್ಕೆ ಬಂದಾಗ ಹೆಸರೂ ಮಾವಳ್ಳಿ ಟಿಫಿನ್ ರೂಮ್ಸ್ ಎಂದಾಯಿತು. ಗಿರಾಕಿಯ ಮನಸ್ಸಿನಲ್ಲಿ ಸುಮ್ಮನೆ ಹುದುಗಿರುವ 'ಒಳಗೆ ಹೇಗೋ ಏನೋ' ಎಂಬ ಅಳುಕನ್ನು ಮಯ್ಯರು ಊಹಿಸಿದ್ದರು. ಅದಕ್ಕೆ ಫಲಕ ಬರೆಸಿ ಉತ್ತರ ಹೇಳದೆ ಬಾಗಿಲು ತೆರೆದು ಉತ್ತರ ಹೇಳಿದರು.

1983ರಲ್ಲಿ ಆರ್. ಪ್ರಭಾಕರ್ ಜಯನಗರದಲ್ಲಿ ಆರಂಭಿಸಿದ ದರ್ಶಿನಿಯಲ್ಲಿ ಇದೇ ಮಾತು ಹೆಸರಾಗಿಯೇ ನಿಂತಿತು. ಅಡುಗೆ ಎದುರಿಗೇ ಕಾಣುತ್ತದೆ, ಆದ್ದರಿಂದ ದರ್ಶಿನಿ. ಕುರ್ಚಿಯಿಲ್ಲ, ಮಾಣಿಯಿಲ್ಲ. ಚೀಟಿ ಕೊಂಡು, ತಟ್ಟೆ ತಾನೇ ಹಿಡಿದು, ಎದೆಯೆತ್ತರದ ಮೇಜಿನ ಸುತ್ತ ನಿಂತು ತಿನ್ನಬೇಕು. ನಿಂತವರು ಬೇಗ ಜಾಗ ಬಿಡುತ್ತಾರೆ. ಸಣ್ಣ ಮಳಿಗೆಯಲ್ಲೂ ಹೆಚ್ಚು ಜನ ತಿನ್ನುತ್ತಾರೆ, ಬೆಲೆ ಇಳಿಯುತ್ತದೆ. ಹಳೆಯ ಕಾಫಿ ಹೋಟೆಲುಗಳ ಕಾಲದಲ್ಲಿ ದಕ್ಷಿಣ ಭಾರತದ ಅನೇಕ ಊರುಗಳಲ್ಲಿ ಜಾತಿಗೊಂದು ಪಂಕ್ತಿ, ಜಾತಿಗೊಂದು ಕೋಣೆ ಇತ್ತು. ತುಟಿ ತಾಗಿಸದೆ ಎತ್ತಿ ಕುಡಿಯಲು ಹೇಳಿ ಮಾಡಿಸಿದಂತಿರುವ ಆ ಲೋಟದ ಅಂಚು ಎಂಜಲು ಮೈಲಿಗೆಯ ಎಣಿಕೆಗೂ ಅನುಕೂಲವಾಗಿಯೇ ಇತ್ತು. ದರ್ಶಿನಿಯ ದುಂಡುಮೇಜಿನ ಸುತ್ತ ಯಾರ ಪಕ್ಕ ಯಾರು ನಿಂತಿದ್ದಾರೆ ಎಂದು ಕೇಳುವ ವ್ಯವಧಾನ ಯಾರಿಗೂ ಇಲ್ಲ.

ಆದರೆ ಆ ಮೇಜಿನ ಸುತ್ತ ಮಂಡಿನೋವಿನವರು ನಿಲ್ಲಲಾರರು. ಕೋಲು ಹಿಡಿದವರು ತಟ್ಟೆ ಹಿಡಿಯಲಾರರು. ಒಬ್ಬರ ಕಷ್ಟವನ್ನು ಊಹಿಸಿದ ಜಾಣ್ಮೆ ಇನ್ನೊಬ್ಬರನ್ನು ಮರೆತಿರುತ್ತದೆ. ಎಷ್ಟೋ ದರ್ಶಿನಿಗಳು ಆಮೇಲೆ ಮೂಲೆಯಲ್ಲಿ ನಾಲ್ಕು ಕುರ್ಚಿ ಹಾಕಿದ್ದು ಆ ಮರೆವಿನ ತಿದ್ದುಪಡಿ ಎನ್ನಬೇಕು.

ಒಂದೂವರೆ ಇಂಚಿನ ಲೆಕ್ಕ

ಈ ಮರೆತುಹೋದವರ ಲೆಕ್ಕ ಹೊರದೇಶದ ಹೋಟೆಲಿನಲ್ಲೂ ಸುಲಭವಾಗಿ ಸರಿಹೋಗಲಿಲ್ಲ. ಗಾಲಿಕುರ್ಚಿಯವರು, ಅಂಗವಿಕಲರು ವರ್ಷಗಟ್ಟಲೆ ಹೋರಾಡಿದ ಮೇಲೆ ಅಮೆರಿಕದಲ್ಲಿ 1990ರಲ್ಲಿ ಕಾನೂನು ಬಂತು. ಅದರಂತೆ ಹೋಟೆಲಿನ ಕೆಲವು ಕೋಣೆಗಳಾದರೂ ಅಂಥವರು ಬಳಸುವ ಹಾಗಿರಬೇಕು. ಭಾರತದಲ್ಲೂ 2016ರ ಕಾಯ್ದೆ ಸಾರ್ವಜನಿಕ ಕಟ್ಟಡಗಳು ಎಲ್ಲರಿಗೂ ನಿಲುಕುವಂತಿರಬೇಕು ಎನ್ನುತ್ತದೆ.

ಬಸವನಗುಡಿಯ ಹಿರಿಯರು ಅಂಥ ಕೋಣೆಯಲ್ಲಿ ಇಳಿದಾಗ ಮೊದಲು ಕಣ್ಣಿಗೆ ಬೀಳುವುದು ಶೌಚಾಸನದ ಪಕ್ಕ, ಸ್ನಾನದ ಜಾಗದ ಪಕ್ಕ ಗೋಡೆಗೆ ಕೂರಿಸಿದ ಸ್ಟೀಲಿನ ಹಿಡಿಗಂಬಿ. ಇದರ ಅಳತೆಗಳಲ್ಲಿ ಒಂದೂ ಕಣ್ಣಂದಾಜಿನದಲ್ಲ. ಅಡ್ಡಗಂಬಿ ನೆಲದಿಂದ 33ರಿಂದ 36 ಇಂಚು ಎತ್ತರದಲ್ಲಿರಬೇಕು. 250 ಪೌಂಡು, ಅಂದರೆ ಸುಮಾರು 113 ಕಿಲೋ ಭಾರ ಬಿದ್ದರೂ ಅಲುಗಬಾರದು. ಗೋಡೆಗೂ ಗಂಬಿಗೂ ನಡುವೆ ಸರಿಯಾಗಿ ಒಂದೂವರೆ ಇಂಚು ಸಂದು ಬಿಡಬೇಕು. ಯಾಕೆ ಒಂದೂವರೆ? ಕಡಿಮೆಯಾದರೆ ಬೆರಳು ತೂರುವುದಿಲ್ಲ. ಹೆಚ್ಚಾದರೆ ಜಾರಿದವರ ಮುಂಗೈ ಒಳಕ್ಕೆ ಇಳಿದು ಸಿಕ್ಕಿಕೊಂಡೀತು. ಬೀಳುವ ಮನುಷ್ಯನ ಕೈ ಅರೆಕ್ಷಣದಲ್ಲಿ ಎಲ್ಲಿ ತಡಕುತ್ತದೆ ಎಂದು ಯಾರೋ ಕೂತು ಯೋಚಿಸಿದ್ದಾರೆ.

ಬಾಗಿಲಿನ ಹಿಡಿ ದುಂಡಗಿರುವುದಿಲ್ಲ, ಉದ್ದವಾಗಿರುತ್ತದೆ. ಬೆರಳಲ್ಲಿ ಬಲವಿಲ್ಲದವರು ಮೊಣಕೈಯಿಂದ ಒತ್ತಿದರೂ ತೆರೆಯುತ್ತದೆ. ರಾತ್ರಿ ಹಾಸಿಗೆಯಿಂದ ಕಾಲಿಳಿಸಿದರೆ ಕೆಲವೆಡೆ ಮಂಚದ ಅಡಿಯಲ್ಲಿ ಮಂದ ದೀಪವೊಂದು ತಾನಾಗಿ ಹತ್ತುತ್ತದೆ. ಪಕ್ಕದಲ್ಲಿ ಮಲಗಿದವರಿಗೆ ಎಚ್ಚರವಾಗುವುದಿಲ್ಲ. ಸ್ನಾನದ ಮನೆಯ ಒಳಗಿಂದ ಹಾಕಿದ ಚಿಲಕಕ್ಕೂ ಹೊರಗಡೆ ಒಂದು ಸಣ್ಣ ಸೀಳಿರುತ್ತದೆ. ಒಳಗಿದ್ದವರು ಬಿದ್ದು ಮಾತು ನಿಂತರೆ ಹೊರಗಿನಿಂದ ನಾಣ್ಯ ತೂರಿಸಿ ತಿರುಗಿಸಿದರೆ ಸಾಕು, ಚಿಲಕ ಬಿಚ್ಚಿಕೊಳ್ಳುತ್ತದೆ.

ಈಗ ಗಾಂಧಿ ಬಜಾರಿನ ಹಿಂದಿನ ಯಾವುದಾದರೂ ಅಡ್ಡರಸ್ತೆಯ ಮನೆಯೊಳಗೆ ಬನ್ನಿ. 1898ರ ಪ್ಲೇಗಿನ ಆಸುಪಾಸಿನಲ್ಲಿ ಗಾಳಿ ಬೆಳಕಿಗೆಂದೇ ಬೆಳೆಸಿದ ಬಡಾವಣೆ ಇದು. ಹಳೆಯ ಮನೆಗಳನ್ನು ಕಟ್ಟಿದವರಿಗೆ ಊಹೆ ಇಲ್ಲದಿರಲಿಲ್ಲ. ಬೀದಿಯಲ್ಲಿ ನಡೆದು ದಣಿದ ಅಪರಿಚಿತನೂ ಕೂರಲಿ ಎಂದು ಹೊರಗೆ ಜಗಲಿ ಕಟ್ಟಿದರು. ಬಿಸಿ ಗಾಳಿ ಹೊರಗೆ ಹೋಗಲಿ ಎಂದು ಚಾವಣಿಯ ಅಂಚಿಗೆ ಕಿಂಡಿ ಬಿಟ್ಟರು. ಬಚ್ಚಲಿಗೆ ಒರಟು ಕಲ್ಲಿನ ಚಪ್ಪಡಿ ಹಾಸಿದರು. ನೋಡಲು ಚೆಂದವಿರಲಿಲ್ಲ, ಆದರೆ ಸೀಗೆಪುಡಿಯ ನೀರು ಹರಿದರೂ ಕಾಲು ಕಚ್ಚಿ ನಿಲ್ಲುತ್ತಿತ್ತು.

ಆ ಮನೆಗಳಲ್ಲಿ ಹಲವು ಹೋಗಿ ಮಹಡಿಮನೆಗಳಾಗಿವೆ. ಉಳಿದವುಗಳ ಬಚ್ಚಲೂ ಹೊಸತಾಗಿದೆ. ಮುಖ ಕಾಣುವಷ್ಟು ನುಣುಪಾದ ಟೈಲ್ಸು. ಒಳಕ್ಕೆ ತೆರೆಯುವ ಬಾಗಿಲು. ಹಿತ್ತಾಳೆಯ ಗಟ್ಟಿ ಚಿಲಕ. ಹಿಡಿದುಕೊಳ್ಳಲು ಟವೆಲು ಹಾಕುವ ತೆಳು ಸರಳು ಬಿಟ್ಟರೆ ಏನೂ ಇಲ್ಲ. ಆ ಸರಳು ಒದ್ದೆ ಟವೆಲಿನ ಭಾರಕ್ಕೆ ಮಾಡಿದ್ದು, ಮನುಷ್ಯನ ಭಾರಕ್ಕಲ್ಲ. ಮನೆಯಲ್ಲಿರುವುದು ಎಪ್ಪತ್ತು ದಾಟಿದ ಇಬ್ಬರೇ. ಒಬ್ಬರು ಒಳಗೆ ಜಾರಿ ಬಾಗಿಲಿಗೇ ಅಡ್ಡ ಬಿದ್ದರೆ ಇನ್ನೊಬ್ಬರು ಹೊರಗೆ ನಿಂತು ಕೂಗಬೇಕು, ನೆರೆಯವರು ಬಂದು ಬಾಗಿಲು ಒಡೆಯಬೇಕು. ಬಾಗಿಲನ್ನು ಒಳಕ್ಕೆ ತಳ್ಳುವುದಾದರೂ ಹೇಗೆ? ಹಿಂದೆ ಬಿದ್ದಿರುವುದು ಮನೆಯವರೇ.

ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಜಾರಿಯೋ ಎಡವಿಯೋ ಬಿದ್ದು ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅಪಘಾತದ ಸಾವುಗಳಲ್ಲಿ ರಸ್ತೆಯ ನಂತರದ ಜಾಗ ಇದಕ್ಕೆ. ಅವರಲ್ಲೂ ಅರವತ್ತು ದಾಟಿದವರೇ ಹೆಚ್ಚು. ಬದುಕಿ ಉಳಿದವರಲ್ಲಿ ಸೊಂಟದ ಮೂಳೆ ಮುರಿದು ಮತ್ತೆ ಜಗಲಿಗೂ ಬಾರದವರಿದ್ದಾರೆ.

ಪೆಟ್ಟಿಗೆಯಲ್ಲಿ ತರಬೇಕಾದದ್ದು

ಹೊರದೇಶದ ಹೋಟೆಲಿನಿಂದ ಬರುವಾಗ ಜನ ಏನು ತರುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ಬೆರಳುದ್ದದ ಶಾಂಪೂ ಬಾಟಲಿ, ಕಾಗದ ಸುತ್ತಿದ ಸೋಪು, ಹೊಲಿಗೆಯ ಪುಟ್ಟ ಪೊಟ್ಟಣ. ಬೀರುವಿನಲ್ಲಿ ಅವು ವರ್ಷಗಟ್ಟಲೆ ಇರುತ್ತವೆ, ನೆಂಟರಿಗೆ ತೋರಿಸುವುದಕ್ಕೆ. ಅದೇ ಕೋಣೆಯ ಹಿಡಿಗಂಬಿಯ ಎತ್ತರವನ್ನು ಅಳೆದು ತಂದವರು ವಿರಳ.

ತರುವುದು ಕಷ್ಟವೇನಲ್ಲ, ಕೊಳ್ಳುವುದೂ ಕಷ್ಟವಲ್ಲ. ಹಿಡಿಗಂಬಿಗಳು ಈಗ ಇಲ್ಲಿನ ಹಾರ್ಡ್‌ವೇರ್ ಅಂಗಡಿಗಳಲ್ಲೇ ಸಿಗುತ್ತವೆ. ಅಂಟಿನಿಂದಲೋ ಗಾಳಿಬಟ್ಟಲಿನಿಂದಲೋ ಟೈಲ್ಸಿಗೆ ಕಚ್ಚಿಸುವ ಬಗೆ ಬೇಡ. ಗೋಡೆಯ ಇಟ್ಟಿಗೆಯೊಳಗೆ ಬೋಲ್ಟು ಇಳಿಸಿ ಕೂರಿಸುವ ಬಗೆಯೇ ಆಗಬೇಕು. ಕೂರಿಸುವ ಮೊದಲು ಮನೆಯ ಹಿರಿಯರನ್ನೇ ಅಲ್ಲಿ ನಿಲ್ಲಿಸಿ, ಏಳುವಾಗ ಕೂರುವಾಗ ಅವರ ಕೈ ತಾನಾಗಿ ಎಲ್ಲಿಗೆ ಹೋಗುತ್ತದೆ ಎಂದು ನೋಡಿ, ಅಲ್ಲಿಗೆ ಗುರುತು ಹಾಕಬೇಕು. ಬಾಗಿಲಿನ ಕೀಲು ಬದಲಿಸಿ ಅದು ಹೊರಕ್ಕೆ ತೆರೆಯುವಂತೆ ಮಾಡುವುದು ಬಡಗಿಗೆ ಒಂದು ದಿನದ ಕೆಲಸ. ಅದಾಗದಿದ್ದರೆ ಹೊರಗಿನಿಂದ ಬಿಚ್ಚಬಹುದಾದ ಚಿಲಕವನ್ನಾದರೂ ಹಾಕಿಸಬಹುದು. ನುಣುಪು ಟೈಲ್ಸಿನ ಮೇಲೆ ಒರಟು ರಬ್ಬರಿನ ಚಾಪೆ, ಮಂಚದಿಂದ ಬಚ್ಚಲಿನವರೆಗೆ ಸೊನ್ನೆ ವಾಟ್ ದೀಪವೊಂದು.

ಇಷ್ಟಕ್ಕೆ ಎದುರಾಗುವ ಆಕ್ಷೇಪ ಸಾಮಾನ್ಯವಾಗಿ ಹಣದ್ದಲ್ಲ. 'ಆಸ್ಪತ್ರೆಯ ಹಾಗೆ ಕಾಣುತ್ತದೆ' ಎಂಬುದು ಒಂದು. 'ನನಗಿನ್ನೂ ಅಷ್ಟು ವಯಸ್ಸಾಗಿಲ್ಲ' ಎಂಬುದು ಇನ್ನೊಂದು. ಹೋಟೆಲಿನಲ್ಲಿ ಅದೇ ಗಂಬಿಯನ್ನು ಹಿಡಿದು ಎದ್ದು ನಿಂತು, 'ಎಷ್ಟು ಅನುಕೂಲ ನೋಡಿ' ಎಂದು ಹೊಗಳಿದವರೇ ಮನೆಯಲ್ಲಿ ಹೀಗೆನ್ನುತ್ತಾರೆ. ಅಲ್ಲಿ ಅದು ಸೌಕರ್ಯ, ಇಲ್ಲಿ ಮುಪ್ಪಿನ ಗುರುತು! ಅತಿಥಿಗೆ ಸಲ್ಲುವ ಕಾಳಜಿ ಮನೆಯೊಡತಿಗೆ ಸಲ್ಲಬಾರದೆಂದು ಯಾವ ಶಾಸ್ತ್ರವೂ ಹೇಳಿಲ್ಲ.

ಮಕ್ಕಳು ರಜೆಗೆ ಬಂದಾಗ ಅಪ್ಪ ಅಮ್ಮನಿಗೆ ಏನು ಕೊಡಿಸಲಿ ಎಂದು ಕೇಳುತ್ತಾರೆ. 'ನಮಗೇನು ಬೇಕಪ್ಪ, ಎಲ್ಲ ಇದೆಯಲ್ಲ' ಎನ್ನುವುದು ಇಲ್ಲಿನ ರೂಢಿಯ ಉತ್ತರ. ಮುಂದಿನ ಬಾರಿ ಯಾರಾದರೂ ಹಾಗೆ ಕೇಳಿದರೆ, ಒಂದು ಬೆಳಿಗ್ಗೆ ವಿದ್ಯಾರ್ಥಿ ಭವನದಲ್ಲಿ ಜೊತೆಗೆ ದೋಸೆ ತಿಂದು, ಶುಕ್ರವಾರ ಬಿಟ್ಟು, ಬರುವ ದಾರಿಯಲ್ಲಿ ಹಾರ್ಡ್‌ವೇರ್ ಅಂಗಡಿಗೆ ಹೊಕ್ಕು ಬಂದರಾಯಿತು. ಎರಡು ಗಂಬಿ, ಒಂದು ಚಿಲಕ, ಎಂಟು ಬೋಲ್ಟು. ಅಳತೆ ಪಟ್ಟಿ ಮನೆಯಲ್ಲೇ ಇರುತ್ತದೆ.